ಜಿಲಿಯನ್ ಮೀಮಾಂಸೆ

ಜಿಲಿಯನ್, ಗಜಿಲಿಯನ್, ಅಂಪ್ಟೀನ್ ಮೊದಲಾದವು ಇಂಗ್ಲಿಷರ ಬಾಯಿಚಪಲದ ಸಂಖ್ಯೆಗಳು, ಗಣಿತದ ಪಂಕ್ತಿಗೆ ಸಲ್ಲವು ಎಂಬುದು ಪೂರ್ವಪಕ್ಷ. ಆ ಭಾಷೆಯಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಸಂಖ್ಯೆಗಳು ಇವು ಮಾತ್ರ ಎಂಬುದು ನಮ್ಮ ಸಿದ್ಧಾಂತ.

ಮರ್ಯಾದಸ್ಥ ಎನಿಸಿಕೊಂಡ ಬಿಲಿಯನ್ನಿನ ನಡತೆಯನ್ನೇ ನೋಡಿ. ಬ್ರಿಟನ್ನಿನಲ್ಲಿ ಅದಕ್ಕೆ 12 ಸೊನ್ನೆ, ಅಮೆರಿಕದಲ್ಲಿ 9. 1974ರ ಡಿಸೆಂಬರಿನಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸಂಸತ್ತಿಗೆ ಕೊಟ್ಟ ಲಿಖಿತ ಉತ್ತರದಲ್ಲಿ ಅಮೆರಿಕದ ಲೆಕ್ಕವನ್ನೇ ಎತ್ತಿಹಿಡಿದರು. ಮೂರು ಸೊನ್ನೆ ಹೋಯಿತು. ಜಿಲಿಯನ್ನಿನಿಂದ ಅರ್ಧ ಸೊನ್ನೆ ಕೀಳಲು ಇಂದಿಗೂ ಯಾವ ಪ್ರಧಾನಿಗೂ ಆಗಿಲ್ಲ. (ಇದಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಅಕ್ಷರದಿಂದ ಶುರುವಾಗುವ ದಾಯಾದಿಯೊಂದಿದೆ. ಕನ್ನಡದಲ್ಲಿ ಬರೆದರೆ ಇಬ್ಬರೂ ಒಂದೇ. ಬೆಲೆಯೂ ಒಂದೇ ಆದ್ದರಿಂದ ಲಿಪಿದೋಷವಿಲ್ಲ.)

‘ಅಂಪ್ಟೀನ್’ ಇನ್ನೂ ಖಚಿತ. ‘ಅಂಪ್ಟಿ’ ಎಂಬುದು ಮೋರ್ಸ್ ತಂತಿಯವರು ಗೆರೆಗೆ ಇಟ್ಟ ಅಡ್ಡಹೆಸರು. ಬಾಲದಲ್ಲಿ ‘ಟೀನ್’ ಪ್ರತ್ಯಯ ಇರುವುದರಿಂದ ವ್ಯಾಕರಣರೀತ್ಯಾ ಬೆಲೆ 13ಕ್ಕೆ ಕಡಿಮೆಯಿಲ್ಲ, 19ಕ್ಕೆ ಮೇಲಿಲ್ಲ. ‘ಅಂಪ್ಟೀನ್ ಸಲ ಹೇಳಿದ್ದೇನೆ’ ಎಂದು ಗದರುವ ಇಂಗ್ಲಿಷ್ ತಾಯಿಗೆ ಇಪ್ಪತ್ತನೆಯ ಸಲ ಆ ಮಾತಾಡುವ ಅಧಿಕಾರವಿಲ್ಲ.

ತೊಡಕಿರುವುದು ‘ಥ್ಯಾಂಕ್ಸ್ ಎ ಟನ್’ನಲ್ಲಿ. ಬ್ರಿಟನ್ನಿನ ಟನ್ 2,240 ಪೌಂಡು, ಅಮೆರಿಕದ್ದು 2,000. ಲಂಡನ್ನಿನವನ ಕೃತಜ್ಞತೆಗೆ ನ್ಯೂಯಾರ್ಕಿನವನು ಅದೇ ಮಾತಿನಲ್ಲಿ ಮರುಕೃತಜ್ಞತೆ ಸಲ್ಲಿಸಿದರೆ 240 ಪೌಂಡು ಬಾಕಿ ಉಳಿಯುತ್ತದೆ. ಬೆಂಗಳೂರಿನ ಐಟಿ ಕಚೇರಿಗಳಿಂದ ದಿನಂಪ್ರತಿ ರವಾನೆಯಾಗುವ ಸರಕು ಮೆಟ್ರಿಕ್ಕಿನದು, ತಲಾ 1,000 ಕಿಲೋ. ಬಡ್ಡಿ ಹಾಕುವವರು ಅದನ್ನು ಬೇರೆ ಕಲಮಿನಲ್ಲಿ ಬರೆಯಬೇಕು. ಟನ್ನಿನ ಮೂಲವೋ, ವೈನಿನ ದೊಡ್ಡ ಪೀಪಾಯಿ. ಅಂಥ ಮನೆತನದಿಂದ ಬಂದದ್ದು ನೆಟ್ಟಗೆ ನಿಲ್ಲಲಿ ಎಂದು ಬಯಸುವುದೇ ಅಶಾಸ್ತ್ರೀಯ.

ಇನ್ನುಳಿದದ್ದು ಗೂಗಲ್ ಪ್ರಕರಣ, ಕಂಪನಿಯದಲ್ಲ, ಸಂಖ್ಯೆಯದು. ಒಂದರ ಮುಂದೆ 100 ಸೊನ್ನೆಯುಳ್ಳ ಈ ಸಂಖ್ಯೆಗೆ ಹೆಸರಿಟ್ಟವನು ಅಮೆರಿಕದ ಗಣಿತಜ್ಞ ಎಡ್ವರ್ಡ್ ಕ್ಯಾಸ್ನರನ ಪುಟ್ಟ ಸೋದರಳಿಯ. ಅದಕ್ಕಿಂತ ದೊಡ್ಡದಾದ ‘ಗೂಗಲ್‌ಪ್ಲೆಕ್ಸ್’ಗೆ ಅವನು ಕೊಟ್ಟ ಲಕ್ಷಣ: ಒಂದು ಬರೆದು, ಮುಂದೆ ಕೈ ಸೋಲುವ ತನಕ ಸೊನ್ನೆ ಸುತ್ತುವುದು. ಅವ್ಯಾಪ್ತಿ, ಅತಿವ್ಯಾಪ್ತಿ ಎರಡೂ ಇಲ್ಲದ ಲಕ್ಷಣ. ಆದರೂ ಕ್ಯಾಸ್ನರ್ 1940ರ ತನ್ನ ಪುಸ್ತಕದಲ್ಲಿ ತಕರಾರು ತೆಗೆದ: ಒಬ್ಬೊಬ್ಬರ ಕೈ ಒಂದೊಂದು ಹೊತ್ತಿಗೆ ಸೋಲುತ್ತದೆ, ಕಸುವು ಜಾಸ್ತಿ ಎಂಬ ಒಂದೇ ಕಾರಣಕ್ಕೆ ಬಾಕ್ಸರ್ ಕಾರ್ನೆರಾ ಐನ್‌ಸ್ಟೈನನಿಗಿಂತ ಮೇಲಿನ ಗಣಿತಜ್ಞನಾಗಿಬಿಡುತ್ತಾನೆ.

ಇದರಲ್ಲಿ ಆಕ್ಷೇಪಿಸುವಂಥದ್ದು ಏನಿದೆಯೋ ಪ್ರಸ್ತುತ ಪ್ರಬಂಧಕಾರನಿಗೆ ಹೊಳೆದಿಲ್ಲ.