ಆಟದ ಡಬ್ಬಿಯೊಳಗೆ ಅಕ್ಕನ ಮದುವೆ

ಐವತ್ತು ಸಾವಿರ ಸುರಿದು ಪ್ಲೇಸ್ಟೇಷನ್ ತಂದು, ಅದರಲ್ಲಿ ಅಕ್ಕನ ಮದುವೆಯ ಡಿವಿಡಿ ಹಾಕಿಕೊಂಡು ಕೂರುವ ಮನೆಗಳನ್ನು ಕಂಡರೆ ಪೇಟೆ ಹುಡುಗರಿಗೆ ಎಲ್ಲಿಲ್ಲದ ನಗು. "ಅಂಕಲ್, ಅದು ಗೇಮ್ ಆಡೋಕೆ ಇರೋದು" ಅಂತ ಬುದ್ಧಿ ಬೇರೆ ಹೇಳುತ್ತಾರೆ. ಹೇಳಲಿ ಬಿಡಿ. ಮದುವೆಗಿಂತ ದೊಡ್ಡ ಆಟ ಯಾವುದಿದೆ ಅಂತ ನಾವು ತಿರುಗಿ ಕೇಳುವ ಹಾಗಿಲ್ಲ, ಒಳಮನೆಯಲ್ಲಿ ಕಿವಿ ಇಟ್ಟವರು ಇರುತ್ತಾರೆ.

ಆದರೂ ಒಂದು ಮಾತು. ಈ ವಿಷಯದಲ್ಲಿ ನಮ್ಮ ಹಂಪಸಾಗರದಂಥ ಊರಿಗೆ ಬುದ್ಧಿ ಹೇಳುವ ಯೋಗ್ಯತೆ ಬೆಂಗಳೂರಿಗಿಲ್ಲ. ಸಿನಿಮಾದ ಯಂತ್ರ, ಆಟದ ಯಂತ್ರ ಎರಡೂ ಒಂದೇ ಅಂತ ನಮ್ಮ ಕಡೆಯವರು ಯಾವತ್ತೋ ತೀರ್ಮಾನ ಮಾಡಿ ಮುಗಿಸಿದ್ದಾರೆ. ಡಿವಿಡಿ ಪ್ಲೇಯರ್ ಹಳ್ಳಿಗಳಿಗೆ ನುಗ್ಗಿದ ಕಾಲ ನೆನಪು ಮಾಡಿಕೊಳ್ಳಿ. ಹಗರಿಬೊಮ್ಮನಹಳ್ಳಿ ಸಂತೆಗೆ ಹೋದವರು ಸಂಜೆ ಬಸ್ಸಿಗೆ ಒಂದು ಡಬ್ಬಿ ತಬ್ಬಿಕೊಂಡು ಇಳಿಯುತ್ತಿದ್ದರು. ಯಾವ ಕಂಪನಿಯದು ಅಂತ ಅಂಗಡಿಯವನಿಗೂ ಗೊತ್ತಿಲ್ಲದ ಚೀನಾ ಮಾಲು. ಒಡೆದರೆ ಒಳಗೆ ಪ್ಲೇಯರ್, ರಿಮೋಟ್, ಕೆಂಪು ಹಳದಿ ಬಿಳಿ ಪಿನ್ನಿನ ವೈರು, ಅದರ ಮೇಲೆ ಎರಡು ಜಾಯ್‌ಸ್ಟಿಕ್ಕು, ಜೊತೆಗೆ "300 ಗೇಮ್ಸ್" ಅಂತ ಬರೆದ ತಟ್ಟೆ. ಮುನ್ನೂರು ಅನ್ನೋದು ಮಾತಿಗೆ. ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು, ಚುನಾವಣೆಗೆ ನಿಂತವರ ಹಾಗೆ. ಅಪ್ಪ ತಂದಿದ್ದು ರಾಜಕುಮಾರ್ ನೋಡೋಕೆ, ಮಗ ಹಿಡಿದಿದ್ದು ಜಾಯ್‌ಸ್ಟಿಕ್ಕು. ಅಪ್ಪನ ಸಿನಿಮಾ ಡಬ್ಬಿಯಲ್ಲಿ ಮಗ ಆಟ ಆಡಿದ. ಈಗ ಮಗನ ಆಟದ ಡಬ್ಬಿಯಲ್ಲಿ ಅಪ್ಪ ಸಿನಿಮಾ ನೋಡುತ್ತಾನೆ. ಲೆಕ್ಕ ಚುಕ್ತಾ.

ಅದಕ್ಕೂ ಹಿಂದೆ ಗಣಪತಿ ಹಬ್ಬಕ್ಕೆ ಚಂದಾ ಎತ್ತಿ ಟಿವಿ, ಡೆಕ್ಕು ಬಾಡಿಗೆಗೆ ತರುವ ಕಾಲವೊಂದಿತ್ತು. ರಾತ್ರಿಗೆ ಮೂರು ಪಿಕ್ಚರು. ಮೊದಲನೆಯದು ಭಕ್ತಿಯದು, ಹೆಂಗಸರಿಗೆ. ಎರಡನೆಯದು ಫೈಟಿಂಗಿನದು. ಮೂರನೆಯದರ ಹೊತ್ತಿಗೆ ಎಚ್ಚರ ಇರುತ್ತಿದ್ದವರು ಡೆಕ್ಕಿನವನು ಮತ್ತು ಸೊಳ್ಳೆ. ತುಂಗಭದ್ರೆಯ ಹಿನ್ನೀರಿನ ಊರು ನೋಡಿ, ಚಂದಾ ಕೊಡದೆ ಪೂರಾ ಆಟ ನೋಡುತ್ತಿದ್ದುದು ಸೊಳ್ಳೆಯೊಂದೇ. ಆಮೇಲೆ ವಿಸಿಡಿ ಬಂತು. ಒಂದು ತಟ್ಟೆಗೆ ಹಿಡಿಸುವುದು 74 ನಿಮಿಷದ ಮಾಲು, ನಮ್ಮ ಪಿಕ್ಚರು ಎರಡೂವರೆ ತಾಸು. ಹಾಗಾಗಿ ಒಂದು ಸಿನಿಮಾಕ್ಕೆ ಎರಡೋ ಮೂರೋ ತಟ್ಟೆ. ವಿಲನ್ ಮಚ್ಚು ಎತ್ತಿದ ಗಳಿಗೆಗೇ ಮೊದಲನೆಯದು ಮುಗಿಯುತ್ತಿತ್ತು, ಎರಡನೆಯದು ಪಕ್ಕದ ಮನೆಗೆ ಹೋಗಿರುತ್ತಿತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಮಾರಲು ಕೂತ ಮೇಲಂತೂ ಬೀರುವಿನಲ್ಲಿ ಸೀರೆಗಿಂತ ತಟ್ಟೆ ಹೆಚ್ಚಾದವು.

ಎರಡನ್ನೂ ಒಂದೇ ಹೊಟ್ಟೆಯಲ್ಲಿಡುವ ಉಪಾಯ ಜಪಾನಿನ ಸೋನಿಯವರಿಗೂ ಹೊಳೆದಿತ್ತು ಅನ್ನಿ. 2000ದ ಮಾರ್ಚ್ 4ರಂದು ಅಲ್ಲಿ ಪ್ಲೇಸ್ಟೇಷನ್ 2 ಹೊರಬಂದಾಗ ಬೆಲೆ 39,800 ಯೆನ್, ಒಳಗೆ ಡಿವಿಡಿ ಓದುವ ವ್ಯವಸ್ಥೆ. ಆಗ ಬರೀ ಡಿವಿಡಿ ಪ್ಲೇಯರೇ ದುಬಾರಿ. ಹುಡುಗರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? "ಅಪ್ಪಾ, ಇದು ನನಗಲ್ಲ, ನಿಮಗೇ" ಅಂತ ದುಡ್ಡು ಕೇಳುವ ಮಕ್ಕಳು ಟೋಕಿಯೋದಲ್ಲೂ ಇರುತ್ತಾರೆ. ಆ ಡಬ್ಬಿ ಜಗತ್ತಿನಾದ್ಯಂತ 15 ಕೋಟಿಗೂ ಮೀರಿ ಮಾರಾಟವಾಯಿತು. 2009ರಲ್ಲಿ ಅದಕ್ಕೆಂದೇ 'ಹನುಮಾನ್: ಬಾಯ್ ವಾರಿಯರ್' ಎಂಬ ಆಟ ಭಾರತದಲ್ಲೇ ತಯಾರಾಯಿತು. ಅಂಜನಾದ್ರಿಯ ನೆರೆಯವರಾದ ನಮ್ಮನ್ನು ಒಂದು ಮಾತು ಕೇಳಲಿಲ್ಲ, ಇರಲಿ.

2006ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3ರ ಕಥೆ ಇನ್ನೂ ಮಜಾ. ಅದರೊಳಗೆ ಬ್ಲೂ-ರೇ. ಅಮೆರಿಕದಲ್ಲಿ ಬೆಲೆ 499 ಡಾಲರು, ದೊಡ್ಡದಕ್ಕೆ 599. ಅದೇ ವರ್ಷ ಸ್ಯಾಮ್‌ಸಂಗ್ ತಂದ ಬರೀ ಬ್ಲೂ-ರೇ ಪ್ಲೇಯರಿಗೆ ಹತ್ತಿರ ಹತ್ತಿರ ಸಾವಿರ ಡಾಲರು. ಅಂದರೆ ಆಟವೇ ಬೇಡ ಎನ್ನುವವರಿಗೂ ಆಟದ ಡಬ್ಬಿಯೇ ಅಗ್ಗ. ಡಬ್ಬಿಯೊಂದಕ್ಕೆ ಇಷ್ಟು ಅಂತ ಕೈಯಿಂದ ಕಳೆದುಕೊಂಡೇ ಸೋನಿ ಮಾರಿತು. ಲಾಭ ನಷ್ಟದ ಲೆಕ್ಕ ಬೇರೆ ಕಡೆ ಇತ್ತು. ತೊಷಿಬಾದವರು ಎಚ್‌ಡಿ ಡಿವಿಡಿ ಎಂಬ ಇನ್ನೊಂದು ತಟ್ಟೆ ಹಿಡಿದು ಎದುರು ನಿಂತಿದ್ದರು. ಮೈಕ್ರೋಸಾಫ್ಟಿನವರು ತಮ್ಮ ಎಕ್ಸ್‌ಬಾಕ್ಸಿಗೆ ಆ ತಟ್ಟೆ ಓದುವ ಡ್ರೈವನ್ನು ಬೇರೆಯಾಗಿ 199 ಡಾಲರಿಗೆ ಮಾರಿದರು. ಜನ ಬೇರೆಯಾಗಿ ಕೊಳ್ಳುತ್ತಾರೆಯೇ? ಇತ್ತ ಆಟಕ್ಕೆಂದು ತಂದ ಡಬ್ಬಿಗಳು ಬ್ಲೂ-ರೇಯನ್ನು ಮನೆ ಮನೆಗೆ ಹೊಗಿಸಿಬಿಟ್ಟಿದ್ದವು. 2008ರ ಫೆಬ್ರವರಿ 19ಕ್ಕೆ ತೊಷಿಬಾ ಕೈಚೆಲ್ಲಿತು. ಹೀಗೆ ಆಟದ ನೆಪದಲ್ಲಿ ಸಿನಿಮಾ ಮಾರಿಯೇ ಗೆದ್ದ ಡಬ್ಬಿ ಅದು, ಅದರಲ್ಲಿ ನಾವು ಸಿನಿಮಾ ಹಾಕಿದರೆ ಪೇಟೆ ಹುಡುಗರು ನಗುವುದು ಯಾವ ನ್ಯಾಯ?

ನಿಂಟೆಂಡೋದವರು ಮಾತ್ರ ಹಟಮಾರಿಗಳು. ಆಟ ಅಂದರೆ ಆಟ, ಸಿನಿಮಾ ಅಂದರೆ ಬಾಗಿಲು ತೋರಿಸಿದರು. ಅವರ 'ವೀ' ಎಂಬ ಡಬ್ಬಿಗೆ ಡಿವಿಡಿ ಹಾಕಿದರೆ ಅದಕ್ಕೆ ಕುರುಡು.

ಈಗ ನಮ್ಮೂರಿಗೆ ಬನ್ನಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಕೊಟ್ಟೂರು ತೇರಿಗೆ ಅಂತ ಊರಿಗೆ ಬಂದವನು, ನಾಲ್ಕು ದಿನ ಬಿಟ್ಟಿರಲಾರದೆ ಪ್ಲೇಸ್ಟೇಷನ್ 5ನ್ನೂ ಕಟ್ಟಿಕೊಂಡು ಬಂದಿದ್ದ. ಬಿಳಿ ಗೋಪುರದಂಥದು ಟಿವಿ ಪಕ್ಕದಲ್ಲಿ ನಿಂತಿತು. ದೊಡ್ಡವ್ವ ಅದರ ಸುತ್ತ ಒಂದು ಸುತ್ತು ಬಂದು, ಕೆಳಗಿನ ಸೀಳಿನಲ್ಲಿ ಬೆರಳಾಡಿಸಿ, "ತಮ್ಮಾ, ಇದರಾಗ ಸಿಡಿ ಹೋಗತೈತೇನು?" ಅಂದಳು.

"ಹೋಗತೈತಿ ಯವ್ವಾ. ಆದ್ರ ಅದಕ್ಕಲ್ಲ ತಂದಿದ್ದು."

"ಹೋಗತೈತಿ ಅಂದಮ್ಯಾಲ ಆತು."

ಬೀರುವಿನ ತಳದಿಂದ ಅಕ್ಕನ ಮದುವೆಯ ಡಿವಿಡಿ ಬಂತು. ಮನೆಯ ಹಳೇ ಪ್ಲೇಯರು ಸತ್ತು ವರ್ಷಗಳಾಗಿದ್ದವು, ಟಿವಿ ಬದಲಾಗಿತ್ತು, ಲ್ಯಾಪ್‌ಟಾಪಿಗೆ ತಟ್ಟೆಯ ಬಾಯಿಯೇ ಇರಲಿಲ್ಲ. ದೊಡ್ಡವ್ವನಿಗೆ ಬೇಕಾಗಿದ್ದುದು ಮಗಳು ಅಳಿಯ ಅಲ್ಲ, ಅವರು ವಾರಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಾರೆ. ಬೇಕಾಗಿದ್ದುದು ತನ್ನ ತಾಯಿ. ಊಟದ ಪಂಕ್ತಿಯಲ್ಲಿ ಕೂತು, ಬಡಿಸುವವನ ಕೈ ಹಿಡಿದು, "ಹುಗ್ಗಿ ಇನ್ನೊಂದೀಟು ನೀಡೋ" ಅನ್ನುವ ಅಜ್ಜಿ. ತಟ್ಟೆಯಲ್ಲಿ ಅಷ್ಟೇ ಇರುವುದು, ನಾಲ್ಕು ಸೆಕೆಂಡು. ಆ ಅಜ್ಜಿ ಮಾತಾಡಿದ್ದು ದಾಖಲಾಗಿರುವುದು ಅದೊಂದೇ ಕಡೆ.

ಡಿಸ್ಕ್ ಹೋಯಿತು, ಚಿತ್ರ ಬಂತು. ಹೃದಯದಾಕಾರದ ಚೌಕಟ್ಟಿನೊಳಗೆ ಮದುಮಕ್ಕಳು, ಹಿಂದೆ ಹಿಮಾಲಯವೋ ಸ್ವಿಟ್ಜರ್ಲೆಂಡೋ. ಸ್ಟುಡಿಯೋದವನ ಕೈಚಳಕ. ದೊಡ್ಡವ್ವ ಕಂಟ್ರೋಲರನ್ನು ತನ್ನ ಕೈಗೇ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಈ ಕಂಟ್ರೋಲರಿನ ಒಂದು ಗುಣ ಗೊತ್ತಿರಲಿ: ಹಿಂಬದಿಯಲ್ಲಿ ಆರ್2 ಅಂತ ಒಂದು ಗುಂಡಿ ಇದೆ, ಕೆಳಗಿಟ್ಟರೆ ತಾನೇ ಒತ್ತಿಕೊಳ್ಳುತ್ತದೆ. ಆಟದಲ್ಲಾದರೆ ಅದು ಗುಂಡು ಹಾರಿಸುತ್ತದೆ, ಸಿನಿಮಾದಲ್ಲಿ ಚಿತ್ರವನ್ನು ಮುಂದಕ್ಕೆ ಓಡಿಸುತ್ತದೆ. ಮದುವೆ ಓಡತೊಡಗಿತು. ಅಯ್ಯನೋರು ಪಟಪಟ ಕೈ ಆಡಿಸಿದರು, ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿದ್ದು ಕಾಣಲೇ ಇಲ್ಲ, ಮಂದಿ ಎದ್ದು ಪಂಕ್ತಿಗೆ ಓಡಿದರು, ಹುಗ್ಗಿ ಹೋಳಿಗೆ ಎಲ್ಲ ಕಣ್ಣುಮುಚ್ಚಿ ತೆಗೆಯುವುದರೊಳಗೆ ಖಾಲಿ. "ಯಪ್ಪಾ, ನಮ್ಮವ್ವ ಹೋದ್ಲಲ್ಲೋ! ತಿರುಗಿಸೋ!"

ಮಗ ಎಲ್2 ಒತ್ತಿದ. ಈಗ ಎಲ್ಲ ಹಿಂದಕ್ಕೆ. ಹುಗ್ಗಿ ಬಾಯಿಂದ ಎಲೆಗೆ ಬಂತು, ಅಕ್ಕಿಕಾಳು ತಲೆಯಿಂದ ಎದ್ದು ಮಂದಿಯ ಮುಷ್ಟಿ ಸೇರಿದವು, ಕಟ್ಟಿದ ತಾಳಿ ಬಿಚ್ಚಿ ತಟ್ಟೆಗೆ ಹೋಯಿತು. ಮೂಲೆಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತ ಕೂತಿದ್ದ ದೊಡ್ಡಪ್ಪ ಮೊದಲ ಸಲ ಆ ಯಂತ್ರದ ಕಡೆ ಗೌರವದಿಂದ ನೋಡಿ, "ಇಂಥಾದೊಂದು ಗುಂಡಿ ನಮ್ಮ ಕಾಲಕ್ಕೂ ಇರಬೇಕಾಗಿತ್ತು" ಅಂದರು. ಆ ರಾತ್ರಿ ಅವರಿಗೆ ಊಟ ತಡವಾಯಿತು.

ಅಜ್ಜಿ ಸಿಕ್ಕಳು. ನಾಲ್ಕು ಸೆಕೆಂಡನ್ನು ಎಷ್ಟು ಸಲ ನೋಡಿದರು ಅಂತ ಕೇಳಬೇಡಿ. ಮಗನ ಆಟದ ಪಾಳಿ ಮರುದಿನಕ್ಕೆ ಹೋಯಿತು.

ಆ ಹುರುಪಿನಲ್ಲಿ ದೊಡ್ಡಪ್ಪ ತಮ್ಮ ಖಜಾನೆಯನ್ನೂ ತೆಗೆದರು, ಊರಿನ ದೊಡ್ಡಾಟದ ವಿಸಿಡಿ. ಅಲ್ಲಿ ಯಂತ್ರ ಕೈಕೊಟ್ಟಿತು. ಪ್ಲೇಸ್ಟೇಷನ್ 5 ಡಿವಿಡಿ ಓದುತ್ತದೆ, ಬ್ಲೂ-ರೇ ಓದುತ್ತದೆ, 4ಕೆ ಬ್ಲೂ-ರೇಯನ್ನೂ ಓದುತ್ತದೆ. ಆದರೆ ಬಡವರ ಸಿಡಿ, ವಿಸಿಡಿ ಮುಟ್ಟುವುದಿಲ್ಲ. ಪ್ಲೇಸ್ಟೇಷನ್ 4ಕ್ಕೂ ಅದೇ ಜಂಬ. ಇದರಲ್ಲಿ ಬೆಳಕಿನ ವ್ಯವಹಾರವಿದೆ. ಸಿಡಿ ಓದಲು 780 ನ್ಯಾನೋಮೀಟರಿನ ಲೇಸರ್ ಬೇಕು, ಡಿವಿಡಿಗೆ 650, ಬ್ಲೂ-ರೇಗೆ 405. ಮೂರಕ್ಕೂ ಕಣ್ಣಿಟ್ಟು ಕೂರಲು ಕಂಪನಿಗೆ ಈಗ ಮನಸ್ಸಿಲ್ಲ. ಹಿಂದೆ ಇತ್ತು. ಮೊಟ್ಟಮೊದಲ ಪ್ಲೇಸ್ಟೇಷನ್ನಿನಲ್ಲಿ ಏಷ್ಯಾದ ನಮ್ಮಂಥವರಿಗೆಂದೇ ವಿಸಿಡಿ ಓದುವ ಬಿಳಿ ಬಣ್ಣದ ಒಂದು ಮಾದರಿಯನ್ನು ಸೋನಿಯವರೇ ಮಾಡಿದ್ದರು. ದೊಡ್ಡಪ್ಪನಿಗೆ ಇದನ್ನೆಲ್ಲ ವಿವರಿಸಿದರೆ ಅವರದು ಒಂದೇ ಪ್ರಶ್ನೆ: "ಐವತ್ತು ಸಾವಿರದ್ದು ಐತಿ, ಇಪ್ಪತ್ತೆಂಟು ರೂಪಾಯಿ ತಟ್ಟಿ ಓದಂಗಿಲ್ಲ ಅಂದ್ರ ಯಾರು ದಡ್ಡರು?" ಉತ್ತರ ಹೇಳಲು ಹೋಗಿ ನಾನು ಕೆಡಲಿಲ್ಲ.

ಅಕ್ಕನ ಅವಸ್ಥೆ ಬೇರೆ. ಅವಳಿರುವುದು ಅಮೆರಿಕದಲ್ಲಿ, ತನ್ನ ಮದುವೆಯ ಇನ್ನೊಂದು ಪ್ರತಿ ಅವಳ ಬಳಿಯೂ ಇದೆ, ಮನೆಯಲ್ಲಿ ಅಲ್ಲಿಯದೇ ಪ್ಲೇಸ್ಟೇಷನ್ನೂ ಇದೆ, ಆದರೆ ಮದುವೆ ಕಾಣುವುದಿಲ್ಲ. ನಮ್ಮ ಸ್ಟುಡಿಯೋದವರು ಬರೆದುಕೊಡುವುದು ಪಾಲ್ ಪದ್ಧತಿ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ, ಸುಮಾರು 30. ಅಲ್ಲಿಯ ಡಬ್ಬಿಗೆ ಪಾಲ್ ಡಿವಿಡಿ ಅಂದರೆ ಆಗುವುದಿಲ್ಲ. ಇನ್ನು ಕಂಪನಿ ಡಿವಿಡಿಗಳಿಗೆ ಪ್ರದೇಶದ ಬೇಲಿ: ಅಮೆರಿಕ 1, ಭಾರತ 5. ಬ್ಲೂ-ರೇಯಲ್ಲಿ ಅವರು ಎ, ನಾವು ಸಿ. ಈ ಸಂಕಟ ಹರಪನಹಳ್ಳಿಯವರಿಗೆ ಬೇಗ ಅರ್ಥವಾದೀತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ, 2018ರಲ್ಲಿ ವಾಪಸು ಬಳ್ಳಾರಿ, 2021ರಲ್ಲಿ ವಿಜಯನಗರ, ಕೂತಲ್ಲೇ ಮೂರು ಸಲ ಪ್ರದೇಶ ಬದಲಿಸಿದ ತಾಲ್ಲೂಕು ಅದು. ಕಂಪ್ಯೂಟರಿನ ಡಿವಿಡಿ ಡ್ರೈವಿಗೆ ಐದು ಸಲ ಬದಲಿಸಲು ಅವಕಾಶ ಉಂಟು. ಹರಪನಹಳ್ಳಿಗೆ ಇನ್ನೂ ಎರಡು ಬಾಕಿ.

ಇನ್ನೂ ಒಂದೆರಡು ತೊಂದರೆ ಇವೆ. ಮದುವೆ ತಟ್ಟೆಯ ಮೇಲೆ ಮದುಮಕ್ಕಳ ಫೋಟೋದ ಸ್ಟಿಕ್ಕರು ಅಂಟಿಸಿದ್ದರೆ ದಯವಿಟ್ಟು ಸೀಳುಬಾಯಿಯ ಡಬ್ಬಿಗೆ ಹಾಕಬೇಡಿ. ತಿರುಗುವಾಗ ಕಾಗದ ಎದ್ದರೆ ತಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ದಂಪತಿಗಳನ್ನು ಬಿಡಿಸಲು ಡಬ್ಬಿ ಬಿಚ್ಚಬೇಕು. ಕರೆಂಟಿನದೂ ಒಂದು ಮಾತು. ಸಾದಾ ಡಿವಿಡಿ ಪ್ಲೇಯರ್ ಹತ್ತು ಹದಿನೈದು ವ್ಯಾಟಿನಲ್ಲಿ ಕೆಲಸ ಮುಗಿಸುತ್ತದೆ, ಈ ಡಬ್ಬಿ ಅದರ ಹಲವು ಪಟ್ಟು ಎಳೆಯುತ್ತದೆ. ಗೃಹಜ್ಯೋತಿಯ 200 ಯೂನಿಟ್ ಇರುವವರೆಗೆ ಯಾರೂ ಮೀಟರಿನ ಕಡೆ ನೋಡುವುದಿಲ್ಲ ಅನ್ನುವುದು ಬೇರೆ ಮಾತು. ಆದರೆ ನಡುವೆ ಕರೆಂಟು ಹೋಗಿ ಬಂದರೆ, ನೀವೇ ಏನೋ ಪಾಪ ಮಾಡಿದ ಹಾಗೆ "ಸರಿಯಾಗಿ ಆಫ್ ಮಾಡಿಲ್ಲ" ಅಂತ ಪರದೆ ತುಂಬ ಬೈಯುತ್ತದೆ. ಹಳೇ ಚೀನಾ ಪ್ಲೇಯರಿಗೆ ಆ ಸೊಕ್ಕಿರಲಿಲ್ಲ.

ನಗುವವರು ನಗಲಿ, ಅವರ ಡಬ್ಬಿಗೂ ಬಾಯಿ ಮುಚ್ಚುವ ದಿನ ಬಂದಿದೆ. 2020ರಲ್ಲೇ ತಟ್ಟೆಯ ಸೀಳಿಲ್ಲದ ಪ್ಲೇಸ್ಟೇಷನ್ 5 ಬಂತು, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಂತು. 2024ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋಗೆ ಡಿಸ್ಕ್ ಡ್ರೈವನ್ನು ಬೇರೆಯಾಗಿ ಕೊಂಡು ಸೇರಿಸಿಕೊಳ್ಳಬೇಕು. ಅಂಚೆಯಲ್ಲಿ ಡಿವಿಡಿ ಕಳಿಸಿಯೇ ಬೆಳೆದ ನೆಟ್‌ಫ್ಲಿಕ್ಸು 2023ರ ಸೆಪ್ಟೆಂಬರಿನಲ್ಲಿ ಆ ಅಂಗಡಿ ಮುಚ್ಚಿತು. ಖಾಲಿ ಬ್ಲೂ-ರೇ ತಟ್ಟೆ ಮಾಡುವುದನ್ನು ಸೋನಿಯೇ 2025ರ ಫೆಬ್ರವರಿಗೆ ನಿಲ್ಲಿಸಿತು.

ಹಾಗಾಗಿ, ಪ್ಲೇಸ್ಟೇಷನ್ ಕೊಳ್ಳುವ ಮಗ ಮನೆಯಲ್ಲಿದ್ದರೆ ಸಾವಿರಾರು ರೂಪಾಯಿ ಹೆಚ್ಚಾದರೂ ಡಿಸ್ಕ್ ಬಾಯಿ ಇರುವುದನ್ನೇ ತರಿಸಿ. ಹಳೇ ಪ್ಲೇಯರು ಇನ್ನೂ ಉಸಿರಾಡುತ್ತಿದ್ದರೆ ಗುಜರಿಯವನಿಗೆ ಕೊಡಬೇಡಿ, ವಿಸಿಡಿಗೆ ಅದೇ ಗತಿ. ಎಲ್ಲಕ್ಕಿಂತ ಮೊದಲು, ಬೀರುವಿನ ತಳದ ತಟ್ಟೆಗಳನ್ನು ಈ ವಾರವೇ ಪೆನ್‌ಡ್ರೈವಿಗೆ ಇಳಿಸಿ. ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವು ಎರಡು ಸಾವಿರದೊಳಗೆ ಸಿಗುತ್ತದೆ, ಇಲ್ಲವೇ ಮದುವೆ ತೆಗೆದ ಸ್ಟುಡಿಯೋದವನನ್ನೇ ಹಿಡಿಯಿರಿ. ಸ್ಟುಡಿಯೋದವರು ಬರೆದುಕೊಟ್ಟ ತಟ್ಟೆಯ ಬಣ್ಣದ ಪದರ ವರ್ಷ ಕಳೆದಂತೆ ಮಾಸುತ್ತದೆ, ನಿಮಗಾಗಿ ಕಾಯುವುದಿಲ್ಲ. ಹಾಗೇ ಬೀಗರಿಗೂ ಒಂದು ಕಾಪಿ ಮಾಡಿಸಿ ಕೊಡಿ. ಅವರ ತಟ್ಟೆ ಎಂದೋ ಗೀರಿ ಹೋಗಿದೆ, ಮರ್ಯಾದೆಗೆ ಅಂಜಿ ನಿಮ್ಮ ಮುಂದೆ ಹೇಳಿಲ್ಲ ಅಷ್ಟೇ.