ಕಾದಂಬರಿ ಚಿಕ್ಕಮ್ಮ

ತಾಲ್ಲೂಕು ಕೇಂದ್ರ ಅಂದಮೇಲೆ ಒಂದು ಬಸ್‌ಸ್ಟ್ಯಾಂಡು, ಒಂದು ಸಂತೆಮಾಳ, ಒಬ್ಬರು ಕಾದಂಬರಿ ಚಿಕ್ಕಮ್ಮ ಇದ್ದೇ ಇರುತ್ತಾರೆ. ಯಾರ ಚಿಕ್ಕಮ್ಮ ಎಂದು ಕೇಳಬೇಡಿ, ಇಡೀ ಬೀದಿಗೇ ಚಿಕ್ಕಮ್ಮ. 1965ರಲ್ಲಿ ‘ಸುಧಾ’ ವಾರಪತ್ರಿಕೆ ಶುರುವಾದಾಗ ಲಂಗ-ದಾವಣಿಯಲ್ಲಿದ್ದವರು. ಅದರ ಧಾರಾವಾಹಿ ಪುಟಗಳನ್ನು ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕಿದ ಸಂಪುಟಗಳು ಅವರ ಟ್ರಂಕಿನಲ್ಲಿ ಇವತ್ತಿಗೂ ಇವೆ, ನುಸಿಗುಳಿಗೆಯ ವಾಸನೆ ಸಮೇತ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ, ಈ ಕಾದಂಬರಿಗಾರ್ತಿಯರನ್ನೆಲ್ಲ ಓರಗಿತ್ತಿಯರ ಹಾಗೆ ಏಕವಚನದಲ್ಲೇ ಮಾತಾಡಿಸುತ್ತಾರೆ.

ಅವರ ವಿಮರ್ಶೆಗೆ ಒಂದೇ ಸೂತ್ರ. ಪುಸ್ತಕ ಕೈಗೆ ಬಂದರೆ ಮೊದಲು ತೆರೆಯುವುದು ಕೊನೆಯ ಹಾಳೆ. ಅಲ್ಲಿ ಕೂಸು ಕಂಡರೆ ಮಾತ್ರ ಮೊದಲ ಪುಟಕ್ಕೆ ಬರುತ್ತಾರೆ. “ತೊಟ್ಟಿಲಿಲ್ಲದ್ದು ಎಂಥಾ ಲವ್ ಸ್ಟೋರಿನೋ? ಮರ ಸುತ್ತೋದು ಯಾರಿಗೆ ಬರಲ್ಲ? ರಾತ್ರಿ ಎರಡು ಗಂಟೆಗೆ ಮಗು ಚೀರಿದಾಗ ಆ ಗಂಡು ಎದ್ನೋ, ಮಗ್ಗುಲು ಬದಲಾಯಿಸಿದ್ನೋ, ಅದನ್ನ ಬರೀಲಿ ನೋಡೋಣ.”

ಹೀಗಾಗಿ ‘ಬೆಳ್ಳಿಮೋಡ’ದ ಮೋಹನನಿಗೆ ಅವರ ಮನೆಯಲ್ಲಿ ಕ್ಷಮೆ ಇಲ್ಲ. ತ್ರಿವೇಣಿಯವರ ಆ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದರು. ಮಲೆನಾಡಿನ ಎಸ್ಟೇಟು, ಒಬ್ಬಳೇ ಮಗಳು ಇಂದಿರಾ, ಮಾವನಾಗುವವರ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋದ ಮೋಹನ. ಅಷ್ಟರಲ್ಲಿ ಇಂದಿರಾಳ ತಾಯಿಗೇ ಗಂಡುಮಗು! ಎಸ್ಟೇಟಿಗೆ ವಾರಸುದಾರ ಹುಟ್ಟಿದನೆಂದು ತಿಳಿದದ್ದೇ ತಡ, ಮೋಹನನ ಪ್ರೀತಿ ಆರಿಹೋಯಿತು. ಬೇರೆಯವರು ಇಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಚಿಕ್ಕಮ್ಮ ತೊಡೆ ತಟ್ಟುತ್ತಾರೆ. “ಹಲ್ಲಿಲ್ಲದ ಕೂಸು, ಅವನ ಬಂಡವಾಳ ಹೆಂಗೆ ಬಯಲು ಮಾಡ್ತು ನೋಡು!”

ಓದಿದ್ದು ಬರೀ ಓದಾಗಿ ಉಳಿದಿದ್ದರೆ ಬೀದಿಗೆ ತೊಂದರೆ ಇರುತ್ತಿರಲಿಲ್ಲ. ನಾಯಕಿ ವಾಕರಿಸಿ ಬಚ್ಚಲಿಗೆ ಓಡಿದರೆ ಮುಂದಿನ ಪುಟದಲ್ಲಿ ಸೀಮಂತ ಎಂಬುದು ಅವರ ಪಾಲಿಗೆ ವೈದ್ಯಶಾಸ್ತ್ರ. ಎದುರುಮನೆಯ ಹೊಸ ಸೊಸೆ ಸಂತೆದಿನ ಗಾಡಿಯಂಗಡಿಯ ಗೋಬಿ ಮಂಚೂರಿ ತಿಂದು ರಾತ್ರಿ ವಾಕರಿಸಿದಳು. ಬೆಳಗಾಗುವಷ್ಟರಲ್ಲಿ ಬಳೆಗಾರನಿಗೆ ಹಸಿರು ಬಳೆ ತರಲು ಹೇಳಿಕಳಿಸಿದ್ದಾಗಿತ್ತು.

“ಚಿಕ್ಕಮ್ಮಾ, ಅದು ಗೋಬಿ ಕಣ್ರೀ...”

“ಮೊದಮೊದಲು ಎಲ್ಲಾರೂ ಹಂಗೇ ಅನ್ನೋದು ಕಣೇ.”

ಮಗುವಾದದ್ದು ಅದರ ಮುಂದಿನ ವರ್ಷ. ನಾಮಕರಣದ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಚಿಕ್ಕಮ್ಮ ಸುತ್ತ ನೋಡಿದರು: “ನಾನು ಅವತ್ತೇ ಹೇಳಿರ್ಲಿಲ್ವಾ?”

ಆದರೆ ಆ ಮಗುವಿಗೆ ಎಣ್ಣೆನೀರು ಎರೆದವರೂ ಅವರೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಸೀರೆ ಮೊಣಕಾಲಿಗೆ ಏರಿಸಿ, ಕೂಸನ್ನು ಕಾಲಮೇಲೆ ಬೋರಲು ಹಾಕಿ ಹರಳೆಣ್ಣೆ ನೀವುವಾಗ ನೋಡಬೇಕು, ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಕಥೆ ಹೇಳುತ್ತಿರುತ್ತದೆ. ಹಂಡೆ ನೀರು ಮುಗಿಯುವಷ್ಟರಲ್ಲಿ ಒಂದು ಅಧ್ಯಾಯ, ಸಾಂಬ್ರಾಣಿ ಹೊಗೆ ಹಾಕುವಾಗ ಇನ್ನೊಂದು. ಕೇಳುತ್ತಾ ಕೂಸು ಕಾಲಮೇಲೇ ಉಚ್ಚೆ ಹೊಯ್ದುಕೊಂಡಿತು. “ಕಾದಂಬರೀಲಿ ಯಾವ ಮಗುವೂ ಒಂದಕ್ಕೂ ಹೋಗಲ್ಲ, ಎರಡಕ್ಕೂ ಹೋಗಲ್ಲ. ಬರೆಯೋರಿಗೆ ಬಟ್ಟೆ ಒಗೆದು ಗೊತ್ತಿರಲ್ಲ” ಎಂದು ಸೆರಗು ಹಿಂಡಿದರು. ಇಷ್ಟು ಖಚಿತವಾದ ಸಾಹಿತ್ಯ ವಿಮರ್ಶೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ.

‘ಶರಪಂಜರ’ದ ಮಾತು ಬಂದರೆ ಮಾತ್ರ ಅವರ ತಮಾಷೆ ನಿಲ್ಲುತ್ತದೆ. ಬಾಣಂತಿಯ ಮನಸ್ಸು ಕೆಡುವುದನ್ನು ದೆವ್ವದ ಲೆಕ್ಕಕ್ಕೆ ಹಾಕುತ್ತಿದ್ದ ಕಾಲದಲ್ಲಿ, ಆ ಕಾದಂಬರಿಯಲ್ಲಿ ಅದನ್ನು ಕಾಯಿಲೆ ಎಂದು ಬರೆದವರು ತ್ರಿವೇಣಿ. 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಕ್ಕೆ ತೀರಿಕೊಂಡರು, 34 ವರ್ಷ. ಎದುರುಮನೆ ಸೊಸೆಯ ಬಾಣಂತನದಲ್ಲಿ ಚಿಕ್ಕಮ್ಮ ದಿನಾ ಮಧ್ಯಾಹ್ನ ಮಗುವನ್ನು ತಮ್ಮ ಮನೆಗೆ ಎತ್ತಿಕೊಂಡು ಹೋಗುತ್ತಿದ್ದರು. ಅತ್ತೆ ಗೊಣಗಿದ್ದಕ್ಕೆ, “ಅವಳಿಗೆ ನಿದ್ದೆ ಬೇಕು, ಪುಸ್ತಕದಲ್ಲಿದೆ” ಎಂದು ಒಂದೇ ಮಾತಿಗೆ ಬಾಯಿ ಮುಚ್ಚಿಸಿದರು. ರಾತ್ರಿ ಪಾಳಿಗೆ ಗಂಡನನ್ನು ಎಬ್ಬಿಸಬೇಕೆಂಬ ಕಟ್ಟಳೆಯೂ ಅವರದೇ. ಅವನು ಎದ್ದನೇ ಇಲ್ಲವೇ ಎಂದು ಬೆಳಿಗ್ಗೆ ಹಾಲಿನವನ ಎದುರೇ ವಿಚಾರಣೆ!

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದಾರು. ಪುಸ್ತಕ ಕೇಳಿದರೆ ಇಲ್ಲವೆನ್ನಬೇಡಿ. ಕೊನೆಯ ಹಾಳೆ ಹರಿದಿಲ್ಲ ತಾನೆ ಎಂದು ಮಾತ್ರ ನೋಡಿ ಕೊಡಿ. ಹರಿದಿದ್ದರೆ ಕಥೆ ಮುಗಿಸುವವರು ಚಿಕ್ಕಮ್ಮನೇ, ಆಗ ನಾಯಕಿಗೆ ಅವಳಿ-ಜವಳಿ ತಪ್ಪಿದ್ದಲ್ಲ.