ವಿಷಯ: ಸೈಟಿನ ಕುರಿತು

ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದಾಗ ನಾನು ಹಚ್ಚೊಳ್ಳಿಯ ಮನೆಯ ಕಟ್ಟೆಯ ಮೇಲೆ ಕೂತು ಒಗ್ಗರಣೆ ಮಿರ್ಚಿ ತಿನ್ನುತ್ತಿದ್ದೆ. "ಮಾಮ, ಮೂವತ್ತು ವರ್ಷ ಕನ್ನಡ ಕಲಿಸಿದೀಯ. ನನಗೊಂದು ಮೇಲ್ ಬರೆದುಕೊಡು. ಬ್ರೋಕರ್‌ಗಳು ತೆಗೆದು ಓದೋ ಹಂಗಿರಬೇಕು" ಅಂದ. ಬಾಯಲ್ಲಿ ಮಿರ್ಚಿ ಇದ್ದದ್ದರಿಂದ "ಹ್ಞೂಂ" ಅಂದೆ. ಅವನು ಅದನ್ನು ಒಪ್ಪಿಗೆ ಅಂತ ತಿಳಿದ.

ಅವನ ಕಂಪನಿಯವರು ಸೈಟು ಮಾರುವ ಬ್ರೋಕರ್‌ಗಳಿಗಾಗಿ ಒಂದು ಆ್ಯಪ್ ಮಾಡಿದ್ದಾರೆ. ಯಾವ ಸೈಟು, ಯಾವ ಪಾರ್ಟಿ, ಯಾವತ್ತು ಮತ್ತೆ ಫೋನ್ ಮಾಡಬೇಕು ಎಲ್ಲವನ್ನೂ ಅದು ನೆನಪಿಟ್ಟುಕೊಳ್ಳುತ್ತದಂತೆ. ಬಳ್ಳಾರಿ ಜಿಲ್ಲೆಯ ಬ್ರೋಕರ್‌ಗಳಿಗೆಲ್ಲ ಮೇಲ್ ಕಳಿಸಿದ್ದಾರೆ, ಒಬ್ಬನೂ ತೆಗೆದಿಲ್ಲ. ಕಳಿಸಿದ್ದನ್ನು ನನಗೆ ತೋರಿಸಿದ. ಮೇಲೊಂದು ರಾಕೆಟ್ಟಿನ ಚಿತ್ರ, ಪಕ್ಕದಲ್ಲಿ "ನಿಮ್ಮ ವ್ಯವಹಾರವನ್ನು ಮುಂದಿನ ಹಂತಕ್ಕೆ ಕೊಂಡೊಯ್ಯಿರಿ!" ನಮ್ಮ ಕಡೆ ಮುಂದಿನ ಹಂತ ಇರುವುದು ಚುನಾವಣೆಗೆ ಮಾತ್ರ.

ಮೇಲ್‌ನ ತಲೆಯ ಮೇಲಿರುವ ಆ ವಿಷಯದ ಸಾಲಿನ ಬಗ್ಗೆ ನನಗೂ ಅಷ್ಟಿಷ್ಟು ಅನುಭವ ಇದೆ. ಮಕ್ಕಳಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸಿದವನು ನಾನೇ. "ವಿಷಯ: ಒಂದು ದಿನದ ರಜೆ ಕೋರಿ" ಎಂದು ಅಡಿಗೆರೆ ಎಳೆಸಿ ಬರೆಸುತ್ತಿದ್ದೆ. ಬರೆಸಿದ ಪಾಪಕ್ಕೆ ನಾನೂ ಅಷ್ಟನ್ನೇ ಓದಿ ಸಹಿ ಹಾಕುತ್ತಿದ್ದೆ. ಭತ್ತದ ನಾಟಿಯ ದಿನಗಳಲ್ಲಿ ಒಬ್ಬ ಹುಡುಗ ಒಂದೇ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ತಂದು ಕೊಟ್ಟ. ನಾಲ್ಕನೇ ಸಲ ಸಹಿಗೆ ಜಾಗ ಹುಡುಕುವಾಗ ಅದರಲ್ಲಿ ಆಗಲೇ ನನ್ನ ಮೂರು ಸಹಿ ಇದ್ದವು. ಆ ಹುಡುಗ ಈಗ ಬ್ರೋಕರ್.

ನಮ್ಮಲ್ಲಿ ದಲ್ಲಾಳಿ ಅಂದರೆ ಭತ್ತದವನು, ಬ್ರೋಕರ್ ಅಂದರೆ ಸೈಟಿನವನು. ಸುಗ್ಗಿಯಲ್ಲಿ ಮೊದಲನೆಯವನಾಗಿದ್ದವನೇ ಸುಗ್ಗಿ ಮುಗಿದ ಮೇಲೆ ಎರಡನೆಯವನಾಗುತ್ತಾನೆ. ಬೈಕು ಮಾತ್ರ ಅದೇ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತಾದ ಮೇಲೆ ಆ ಬೈಕಿಗೆ ಕೆಲಸ ಜಾಸ್ತಿಯಾಗಿದೆ.

ಬರೆಯುವ ಮೊದಲು ಓದುಗನನ್ನು ನೋಡಬೇಕಲ್ಲ? ಬಸ್ ಸ್ಟ್ಯಾಂಡಿನ ಚಾ ಹೋಟೆಲಿಗೆ ಹೋಗಿ ರಜಾ ಅರ್ಜಿಯ ಆ ಹಳೇ ಶಿಷ್ಯನ ಎದುರು ಕೂತೆ. "ಮೇಲ್ ನೋಡ್ತೀಯೇನಪ್ಪಾ?" ಅಂದೆ. ಫೋನ್ ತೆಗೆದು ತೋರಿಸಿದ. ಮೇಲ್ ಗುರುತಿನ ತಲೆಯ ಮೇಲೆ ಕೆಂಪಗೆ ನಾಲ್ಕು ಸಾವಿರ ಚಿಲ್ಲರೆ ಅಂಕಿ ಕೂತಿತ್ತು. "ಇದು ಬ್ಯಾಲೆನ್ಸ್ ಅಲ್ಲೇನ್ ಸಾರ್? ದಿನಾ ಏರ್ತಾ ಇತ್ತು, ನಾನೂ ಖುಷಿಯಾಗಿದ್ದೆ" ಅಂದ. ಮೇಲ್ ಐಡಿ ಮಾಡಿಕೊಟ್ಟದ್ದು ಮೊಬೈಲ್ ಅಂಗಡಿಯ ಹುಡುಗ. ಪಾಸ್‌ವರ್ಡೂ ಅವನ ಹತ್ತಿರವೇ ಇದೆ. ಆ ಹುಡುಗ ಈಗ ಹೈದರಾಬಾದಿನಲ್ಲಿದ್ದಾನೆ.

ಅಲ್ಲೇ ಕೂತು ಅವನ ಕಸುಬನ್ನು ನೋಡಿದೆ. ರೈಸ್ ಮಿಲ್ಲಿನವರೊಬ್ಬರು ಒಳಗೆ ಬಂದರು. ಇವನು ತಲೆ ಎತ್ತದೆ "ಧಣೀ, ಒಂದು ಮಾತೈತೆ" ಅಂದ. ಅಷ್ಟೇ. ಆಮೇಲೆ ಚಹಾವನ್ನು ಸಾಸರಿಗೆ ಸುರಿದು ಊದತೊಡಗಿದ. ಅವರು ಬಂದು ಪಕ್ಕದಲ್ಲೇ ಕೂತರು. "ಏನದು?" "ಇಲ್ಲಿ ಬ್ಯಾಡ್ರಿ, ಆಮೇಲೆ ಹೇಳ್ತೀನಿ." ಆ ಮನುಷ್ಯ ಆ ರಾತ್ರಿ ನಿದ್ದೆ ಮಾಡಿರಲಾರರು. ದನದ ಸಂತೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ದರ ಹೇಳುವವರನ್ನು ಕಂಡವರಿಗೆ ಇದು ಹೊಸದಲ್ಲ. ಮುಚ್ಚಿದ್ದರಿಂದಲೇ ಊರೆಲ್ಲ ಟವೆಲ್ಲನ್ನು ನೋಡುತ್ತದೆ. ದಿನಕ್ಕೆ ಹತ್ತು ಸಲ ಹೀಗೆ ಗಾಳ ಹಾಕುವವನಿಗೆ ನನ್ನ ಅಳಿಯ ರಾಕೆಟ್ಟಿನ ಗಾಳ ಹಾಕಿದ್ದ!

"ಹಂಗಾದ್ರೆ ಏನು ಬರೆದರೆ ನೀನು ತೆಗೀತೀಯ?" ಅಂತ ನೇರವಾಗಿಯೇ ಕೇಳಿದೆ. "ಅಳತೆ ಎಷ್ಟು, ದಿಕ್ಕು ಯಾವುದು, ಕಾಗದ ಕ್ಲಿಯರಾ. ಇಷ್ಟು ಮೇಲೇ ಕಾಣಬೇಕು ಸಾರ್. ಉಳಿದದ್ದು ಯಾರಿಗೆ ಬೇಕು?" ಅಂದ. ಅಡಿಗೆರೆ ಎಳೆಸಿ ಕಲಿಸಿದ್ದು ವ್ಯರ್ಥವಾಗಿರಲಿಲ್ಲ.

ಅಳಿಯ ಕಳಿಸಿದ್ದರಲ್ಲಿ ಇನ್ನೊಂದು ಎಡವಟ್ಟಿತ್ತು. "ಪ್ರತಿ ಗುಂಟೆಗೂ ಲೆಕ್ಕ" ಅಂತ ಬರೆದಿದ್ದರು. ಗುಂಟೆ ಮೈಸೂರು ಕಡೆಯದು, ಧಾರವಾಡ ಕಡೆಯದು. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಅಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ನಾವು ಮೈಸೂರಿಗೆ ಬಂದೆವು, ಮದ್ರಾಸಿನ ಸೆಂಟು ಲೆಕ್ಕ ಮಾತ್ರ ಇಲ್ಲೇ ಉಳಿಯಿತು. ನಮ್ಮಲ್ಲಿ ಎಕರೆಗೆ ನೂರು ಸೆಂಟು, ಗುಂಟೆಯವರಲ್ಲಿ ಎಕರೆಗೆ ನಲವತ್ತು ಗುಂಟೆ. ಎರಡೂವರೆ ಸೆಂಟು ಕೂಡಿಸಿದರೆ ಒಂದು ಗುಂಟೆ. ಲೆಕ್ಕ ಕಷ್ಟದ್ದೇನಲ್ಲ, ಆದರೆ ನಮ್ಮ ಸಿರುಗುಪ್ಪ ತಾಲೂಕಿನಲ್ಲಿ ಹೊಲಕ್ಕೆ ಗುಂಟೆ ಅಂದವನಿಗೆ ಹೊಲದ ಬದು ಗೊತ್ತಿಲ್ಲ ಅಂತಲೇ ಅರ್ಥ. ನಮ್ಮ ಬ್ರೋಕರ್‌ಗಳು ಆದೋನಿಯ ಪಾರ್ಟಿಯೊಂದಿಗೆ ತೆಲುಗು, ಸಿರುಗುಪ್ಪದವರೊಂದಿಗೆ ಕನ್ನಡ ಆಡುತ್ತಾರೆ, ಕಮಿಷನ್ ಕೇಳುವಾಗ ಎರಡನ್ನೂ. ಆದರೆ ಯಾವ ಭಾಷೆಯಲ್ಲೂ ಅವರು ಗುಂಟೆ ಅನ್ನುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಅಳಿಯ ಗಂಭೀರವಾದ. ತನ್ನ ಕಸುಬಿನ ಪುರಾಣ ಬಿಚ್ಚಿದ. 1978ರ ಮೇ 3ರಂದು ಅಮೆರಿಕದಲ್ಲಿ ಗ್ಯಾರಿ ಥುರ್ಕ್ ಎಂಬುವನು ತನ್ನ ಕಂಪನಿಯ ಕಂಪ್ಯೂಟರ್ ಮಾರಲು ಸುಮಾರು ನಾನ್ನೂರು ಜನಕ್ಕೆ ಒಂದೇ ಮೇಲ್ ಕಳಿಸಿದನಂತೆ. ವಿಳಾಸಗಳು ಮೇಲಿನ ಜಾಗದಲ್ಲಿ ಹಿಡಿಸದೆ ಕೆಳಗಿನ ಪತ್ರದೊಳಕ್ಕೇ ಸುರಿದುಕೊಂಡವಂತೆ. ಬೇಡದ ಮೇಲಿಗೆ ಅವನೇ ಮೂಲಪುರುಷ. ಮದುವೆಯ ಲಗ್ನಪತ್ರಿಕೆಯ ಕೆಳಗೆ ಬಂಧುಗಳ ಹೆಸರು ಹಿಡಿಸದೆ ಹಿಂದಿನ ಪುಟಕ್ಕೆ ಹರಿದದ್ದು ಕಂಡಿದ್ದ ನನಗೆ ಅವನ ಮೇಲೆ ಕನಿಕರವೇ ಬಂತು.

ಆದರೆ ಯಾರು ತೆಗೆದರು, ಯಾರು ತೆಗೆಯಲಿಲ್ಲ ಅಂತ ಅಳಿಯನ ಕಂಪನಿಯವರಿಗೆ ಗೊತ್ತಾಗುವುದಾದರೂ ಹೇಗೆ? ಮೇಲ್‌ನೊಳಗೆ ಅಕ್ಕಿಯ ನುಚ್ಚಿಗಿಂತ ಚಿಕ್ಕದಾದ, ಬಣ್ಣವಿಲ್ಲದ ಒಂದು ಚುಕ್ಕಿ ಚಿತ್ರ ಇಟ್ಟಿರುತ್ತಾರೆ. ಮೇಲ್ ತೆಗೆದ ಕೂಡಲೇ ಆ ಚಿತ್ರ ಕಂಪನಿಯ ಮನೆಯಿಂದ ಹೊರಟು ಬರಬೇಕು, ಹೊರಟದ್ದು ಅಲ್ಲಿ ಲೆಕ್ಕಕ್ಕೆ ಬೀಳುತ್ತದೆ. 2021ರಿಂದ ಆಪಲ್‌ನವರು ತಮ್ಮ ಮೇಲ್ ಆ್ಯಪಿನಲ್ಲಿ ಓದುವವನು ತೆಗೆಯುವ ಮೊದಲೇ ಆ ಚುಕ್ಕಿಯನ್ನು ತರಿಸಿಟ್ಟುಬಿಡುವ ಏರ್ಪಾಡು ಮಾಡಿದ್ದಾರೆ. ಹಾಗಾಗಿ ಅಲ್ಲಿ ಮುಟ್ಟದವನೂ ಓದಿದವನ ಲೆಕ್ಕಕ್ಕೆ ಬರುತ್ತಾನೆ. ಹಾಜರಿ ಕೂಗಿದಾಗ ಪಕ್ಕದವನೇ "ಹಾಜರ್ ಸಾರ್" ಅಂದ ಹಾಗೆ. ಗೂಗಲ್‌ನವರು 2013ರಲ್ಲೇ ಇಂಥ ಮಾರಾಟದ ಪತ್ರಗಳಿಗೆಂದು ಜಿಮೇಲಿನಲ್ಲಿ ಬೇರೆ ಗೂಡು ಮಾಡಿದರು. ಆ ಗೂಡಿನೊಳಕ್ಕೆ ನಮ್ಮ ಶಿಷ್ಯ ಇಣುಕುವ ಸಂಭವ ಕಡಿಮೆ.

ನಾನು ಬರೆದೆ. ವಿಷಯದ ಸಾಲಿನಲ್ಲಿ ಇಷ್ಟೇ: "ಹಚ್ಚೊಳ್ಳಿ, 30×40, ಪೂರ್ವ ಬಾಗಿಲು, ಕಾಗದ ಕ್ಲಿಯರ್." ಉದಾಹರಣೆಗೊಂದು ಅಳತೆ ಬೇಕಿತ್ತು, ನಮ್ಮ ಮನೆಯದನ್ನೇ ಹಾಕಿದ್ದೆ. ಒಳಗೆ, ಇಂಥ ಸೈಟಿನ ವಿವರವನ್ನು ಸಿಗರೇಟ್ ಪ್ಯಾಕಿನ ಮೇಲೆ ಬರೆದಿಟ್ಟು ಪ್ಯಾಕನ್ನೇ ಎಸೆದ ನೆನಪು ನಿಮಗಿದೆಯೇ, ಅದಕ್ಕೊಂದು ಉಪಾಯವಿದೆ ಎಂದು ಚೆನ್ನಾಗಿಯೇ ಬರೆದಿದ್ದೆ. ವಾಕ್ಯವೊಂದನ್ನು ನಾಲ್ಕು ಸಲ ತಿದ್ದಿದ್ದೆ. ಕಂಪನಿಯ ಹೆಸರಿಗಿಂತ ಮನುಷ್ಯನ ಹೆಸರಿದ್ದರೆ ಜನ ತೆಗೆಯುತ್ತಾರೆ ಅಂತ ಅಳಿಯ ಕಳಿಸಿದವರ ಜಾಗದಲ್ಲಿ ನನ್ನ ಹೆಸರು ಹಾಕಿದ. ಶಿಷ್ಯನಿಗೂ ಅವನೇ ಫೋನಿನಲ್ಲಿ ಹೇಳಿ ಹೊಸ ಪಾಸ್‌ವರ್ಡ್ ಮಾಡಿಸಿಕೊಟ್ಟ.

ಮಾರನೇ ದಿನ ಹತ್ತು ಗಂಟೆಗೆ ಅಳಿಯನ ಫೋನ್ ಬಂತು. "ಮಾಮ! ಹನ್ನೊಂದು ಜನ ತೆಗೆದಿದ್ದಾರೆ!" ಅವನ ಖುಷಿ ನೋಡಿ ನನಗೂ ನಿವೃತ್ತಿಯ ನಂತರ ಮೊದಲ ಸಲ ಎದೆ ಉಬ್ಬಿತು. ಅದು ಇಳಿಯುವ ಮೊದಲೇ ಗೇಟಿನ ಮುಂದೆ ಬೈಕು ನಿಂತಿತು. ಹಿಂದೆ ಇನ್ನೊಂದು. ಮಧ್ಯಾಹ್ನದೊಳಗೆ ಐದು. ಚಹಾ ಮಾಡಿ ಮಾಡಿ ಸಾಕಾದ ನಮ್ಮಾಕೆ ಒಳಗಿನಿಂದ, "ಏನ್ರೀ, ಮನೆ ಮಾರ್ತೀರಂತೆ, ನನಗೊಂದು ಮಾತು ಹೇಳಬಾರದಿತ್ತಾ?" ಅಂದಳು.

"ಒಳಗೆ ಏನು ಬರೆದಿದ್ದೆ, ಓದಿದೆಯೇನೋ?" ಅಂತ ಶಿಷ್ಯನನ್ನು ಕೇಳಿದೆ.

"ಏನೋ ಇತ್ತು ಬಿಡ್ರಿ ಸಾರ್, ಅದನ್ನ ಕೂತು ಮಾತಾಡೋಣ" ಅಂದವನು ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಗೋಡೆಗುಂಟ ನಡೆದ. ಆ ಕೊನೆಯಿಂದ ಕೂಗಿದ: "ಮೂವತ್ತಿಲ್ಲ ಸಾರ್, ಇಪ್ಪತ್ತೆಂಟೂವರೆ ಐತೆ. ಈ ಪಕ್ಕದ ಮನೆ ಯಾರದು?"